ಬೇವಿನ ಹಲಗೆಯ ಮೇಜು: ಸೀಳು, ಗಂಟು, ಕುಟ್ಟೆ ತೂತು ಎಲ್ಲ ಇವೆ. ಮೇಲೆ ಏನು ಬಳಿಯೋದು?

ಬೇವಿನಕಟ್ಟೆ (ದಾವಣಗೆರೆ):
ಸಾಮಿಲ್‌ನಿಂದ ತಂದ ಬೇವಿನ ಹಲಗೆಯಲ್ಲಿ ಓದು-ಬರಹದ ಮೇಜು ಮಾಡ್ತಿದೀನಿ. 5 ಅಡಿ ಉದ್ದ, 2 ಅಡಿ ಅಗಲ, 40 ಮಿ.ಮೀ. ದಪ್ಪ. ಕೊಯ್ಸಿ ಒಂದೂವರೆ ವರ್ಷ ನೆರಳಲ್ಲಿತ್ತು. ಒಂದು ತುದಿಯಿಂದ ಒಂದಡಿ ಒಳಗಿನ ತನಕ ಸೀಳಿದೆ, ಬಾಯಿ 6 ಮಿ.ಮೀ. ನಡುವೆ ಎರಡು ಗಂಟು, ಅದರಲ್ಲಿ ಒಂದು ಅಲ್ಲಾಡುತ್ತೆ. ಅಂಚಿನ ಬಿಳಿ ಭಾಗದಲ್ಲಿ ಗುಂಡುಸೂಜಿ ತಲೆಯಷ್ಟು ಕುಟ್ಟೆ (ಮರ ಕೊರೆಯೋ ಹುಳ) ತೂತುಗಳು. ಇವೆಲ್ಲ ಕಾಣಬೇಕು, ಮುಚ್ಚೋ ಮನಸ್ಸಿಲ್ಲ. ಪಿಯು (ಪಾಲಿಯುರೆಥೇನ್ ವಾರ್ನಿಶ್), ಅರಗಿನ ಪಾಲಿಶ್, ಅಗಸೆ ಎಣ್ಣೆ, ಯಾವುದು ಒಳ್ಳೇದು? ಚಳ್ಳಕೆರೆ ಗಾಣದ ಶೇಂಗಾ ಎಣ್ಣೆ ಮನೇಲೇ ಇದೆ, ಅದನ್ನೇ ಹಚ್ಚಿದ್ರೆ ಆಗುತ್ತಾ?

ಉಳಿಮೊನೆ:
ಶೇಂಗಾ ಎಣ್ಣೆ ಖಂಡಿತ ಬೇಡ ಸರ್. ಅದು ಒಣಗೋ ಎಣ್ಣೆಯೇ ಅಲ್ಲ. ಅಗಸೆ ಎಣ್ಣೆ ಗಾಳಿ ತಾಗಿದರೆ ಗಟ್ಟಿ ಪೊರೆ ಆಗುತ್ತೆ. ಶೇಂಗಾ, ಕೊಬ್ಬರಿ, ಹರಳೆಣ್ಣೆ ಹಾಗೇ ಜಿಡ್ಡಾಗಿ ಉಳಿದು ನಮ್ಮೂರ ಧೂಳನ್ನೆಲ್ಲ ಹಿಡಿದುಕೊಳ್ತವೆ, ಆಮೇಲೆ ಕಮಟು ವಾಸನೆ. ಒಮ್ಮೆ ಕುಡಿಸಿದ ಹಲಗೆಗೆ ಪಿಯು ಕೂಡ ಕಚ್ಚಲ್ಲ.

ಬಳಿಯೋ ಮೊದಲು ತೂತು ನೋಡಿ. ಹಲಗೆ ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಅಲ್ಲಾಡಿಸದೆ ಬಿಡಿ. ಹೊಸ ಹಿಟ್ಟು ಉದುರಿದ್ರೆ ಹುಳ ಒಳಗಿದೆ ಅಂತ ತಿಳೀರಿ. ಬೇವಿನ ಕೆಂಪು ಚೇಗನ್ನು ಕುಟ್ಟೆ ಅಷ್ಟಾಗಿ ಮುಟ್ಟಲ್ಲ, ಹೊರಗಿನ ಬಿಳಿ ಭಾಗಕ್ಕೆ ಆ ಕಾವಲಿಲ್ಲ. 1 ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬರೀ ಮರಕ್ಕೆ ಬ್ರಷ್‌ನಲ್ಲಿ ಮೂರು ಸಲ ಕುಡಿಸಿ. ತೂತುಗಳಿಗೆ ಸಿರಿಂಜ್‌ನಲ್ಲಿ ಬಿಡಿ. ಫಿನಿಶ್ ಆದಮೇಲೆ ಹಚ್ಚಿದರೆ ಒಂದು ಹನಿಯೂ ಒಳಗಿಳಿಯಲ್ಲ. ಹಲಗೆ ಮತ್ತೆ ಚೆನ್ನಾಗಿ ಒಣಗಲಿ. ಒಣಗಿದ್ದು ಗೊತ್ತಾಗೋಕೆ ಅದೇ ಮರದ ತುಂಡೊಂದನ್ನ ಹಲಗೆ ಜೊತೆಗೇ ನೆನೆಸಿಟ್ಟು, ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಬದಲಾಗದಿದ್ರೆ ಮುಂದುವರೀರಿ.

ದುರ್ಗದ ಹತ್ತರಿ:
ಸೀಳಿನ ವಿಷಯ ನಾನು ಹೇಳ್ತೀನಿ. ಫೆವಿಕಾಲ್‌ಗೆ ಮರದ ಹೊಟ್ಟು ಕಲಸಿ ತುಂಬಬೇಡಿ. ಒಣಗಿದಾಗ ಕುಗ್ಗುತ್ತೆ, ಸುತ್ತ ಮೆತ್ತಿದ ಅಂಟು ಪಾಲಿಶ್ ಹೀರೋಕೆ ಬಿಡಲ್ಲ, ಅಲ್ಲೆಲ್ಲ ಪೇಲವ ಕಲೆ ಉಳಿಯುತ್ತೆ.

ಸೀಳು ತುದಿಗೆ ತೆರೆದಿರೋದ್ರಿಂದ ಮುಂದೆಯೂ ಬಾಯಿ ಬಿಡಬಹುದು. ಅಡ್ಡಲಾಗಿ ಎರಡು ಚಿಟ್ಟೆ ಕೀಲು (ಸೀಳಿನ ಎರಡೂ ಬದಿ ಹಿಡಿದಿಡೋ ಚಿಟ್ಟೆ ಆಕಾರದ ಮರದ ತುಂಡು) ಹಾಕಿ: 75 ಮಿ.ಮೀ. ಉದ್ದ, 14 ಮಿ.ಮೀ. ಆಳ. ಕೀಲಿನ ಎಳೆ ಸೀಳಿಗೆ ಅಡ್ಡ ಬರಬೇಕು, ಸೀಳಿನ ಉದ್ದಕ್ಕೇ ಬಂದರೆ ನಡುವೆ ಪಟ್ ಅಂತ ಮುರಿಯುತ್ತೆ. ಅಲ್ಲಾಡೋ ಗಂಟನ್ನು ಹೊರಗೆ ತಳ್ಳಿ, ಗೂಡು ಕೆರೆದು, ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗೋ ಅಂಟು) ಹಚ್ಚಿ ಮತ್ತೆ ಕೂರಿಸಿ.

ಉಳಿದ ಸೀಳಿಗೂ ಎಪಾಕ್ಸಿಯೇ. ಅಡಿಗೂ ತುದಿಗೂ ಟೇಪ್ ಹಚ್ಚಿ, ಮೊದಲು ಒಳಗೋಡೆಗೆ ತೆಳ್ಳಗೆ ಬಳಿದು ಅಂಟಂಟಾಗೋ ತನಕ ಕಾಯಿರಿ. ಆಮೇಲೆ ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಸುರೀಬೇಡಿ, ದಪ್ಪ ಆದ್ರೆ ತನ್ನ ಕಾವಿಗೆ ತಾನೇ ಬಿರಿಯುತ್ತೆ. ಹೊತ್ತು ಮುಖ್ಯ. ಬೆಳಗ್ಗೆ ಸುರಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಮೇಲೆ ಬರ್ತಾವೆ. ಸಂಜೆ ಸುರಿದರೆ ಮರ ತಣಿಯುತ್ತಾ ಎಪಾಕ್ಸಿಯನ್ನು ಒಳಕ್ಕೆ ಎಳ್ಕೊಳ್ಳುತ್ತೆ. ಬಣ್ಣಕ್ಕೆ ಚಿಟಿಕೆ ಇದ್ದಿಲಪುಡಿ ಸಾಕು. ಮರದ ಹೊಟ್ಟು ಹಾಕಿದರೆ ಮರಕ್ಕಿಂತ ಕಪ್ಪಾಗಿ ಕೊಳೆ ಥರ ಕಾಣುತ್ತೆ.

ಬೇವಿನ ಎಳೆ ಒಂದಕ್ಕೊಂದು ಎದುರು ತಿರುಗಿರುತ್ತೆ. ಹತ್ತರಿ ಒಂದು ಪಟ್ಟೆಯಲ್ಲಿ ನುಣ್ಣಗೆ ಓಡಿ, ಬೆರಳಗಲ ಪಕ್ಕದಲ್ಲೇ ಸಿಬಿರು ಕೀಳುತ್ತೆ. ಕೊನೆ ಸುತ್ತು ಸ್ಕ್ರೇಪರ್ (ಹೆರೆಯೋ ಉಕ್ಕಿನ ತಗಡು) ಎಳೀರಿ, ಆಮೇಲೆ 120, 180, 220ರ ಉಪ್ಪುಕಾಗದ. ಮಾಸ್ಕ್ ಇರಲಿ, ಆ ಪುಡಿ ಗಂಟಲಿಗಿಳಿದರೆ ಕಹಿ.

ಅರಗುಬಣ್ಣ:
ಈಗ ಫಿನಿಶ್. ಅರಗೊಂದೇ ಆದ್ರೆ ಬರೆಯೋ ಮೇಜಿಗೆ ಸಾಲದು: ಬಿಸಿ ಚಹಾ ಲೋಟಕ್ಕೆ ಬಿಳಿ ಬಳೆ ಬೀಳುತ್ತೆ, ಸ್ಯಾನಿಟೈಜರ್ ಹನಿಗೆ ಕರಗುತ್ತೆ. ಆದರೆ ಅಡಿಪದರಕ್ಕೆ ಅದಕ್ಕಿಂತ ಒಳ್ಳೇದಿಲ್ಲ, ಗಂಟಿನ ಅಂಟು ಮೇಲೇಳದಂತೆ ತಡೆಯುತ್ತೆ. 250 ಮಿ.ಲೀ. ಸ್ಪಿರಿಟ್‌ಗೆ 30 ಗ್ರಾಂ ಅರಗಿನ ಚಕ್ಕೆ ಹಾಕಿ. ಕರಗಿದ ಮೇಲೆ ಅಲ್ಲಾಡಿಸದೆ ಇಟ್ಟರೆ ಮೇಣ ತಳಕ್ಕಿಳಿಯುತ್ತೆ. ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ, ಮೇಣ ಉಳಿದರೆ ಪಿಯು ಸಿಪ್ಪೆ ಸುಲೀತದೆ.

ಒಂದು ಕೈ ಅರಗು, ಆಮೇಲೆ ಎಣ್ಣೆ ಆಧಾರದ ಪಿಯು. ಅದಕ್ಕೆ ಕಾಲು ಪಾಲು ಟರ್ಪೆಂಟೈನ್ ಬೆರೆಸಿ, ನೂಲೆಳೆ ಬಿಡದ ಬಟ್ಟೆಯಲ್ಲಿ ತೆಳ್ಳಗೆ ಒರೆಸಿ. ಬ್ರಷ್‌ನಲ್ಲಿ ದಪ್ಪಗೆ ಹಚ್ಚಿದರೆ ಕುಟ್ಟೆ ತೂತಿನ ಬಾಯಲ್ಲಿ ಹನಿ ನಿಂತು ವಾರವಾದರೂ ಮೆತ್ತಗಿರುತ್ತೆ. ದಿನಕ್ಕೊಂದು ಕೈಯಂತೆ ಐದು ಕೈ, ನಡುವೆ 320ರ ಕಾಗದದಲ್ಲಿ ಹಗುರಾಗಿ ಉಜ್ಜಿ. ಅರ್ಧ ಲೀಟರ್ ಪಿಯು ಸಾಕು. ಅಡಿಭಾಗಕ್ಕೂ ಅಷ್ಟೇ ಕೈ ಹಚ್ಚಿ. ಮೇಲೆ ಮಾತ್ರ ಬಳಿದರೆ ಅಡಿಯಿಂದ ಮಳೆಗಾಲದ ತೇವ ಹೀರಿ ಹಲಗೆ ಡೊಂಕಾಗುತ್ತೆ.

ದುರ್ಗದ ಹತ್ತರಿ:
ಪಿಯು ಬಗ್ಗೆ ನನಗೆ ಒಂದು ತಕರಾರಿದೆ ಅಣ್ಣ. ಇಂಥ ಹಲಗೆ ಎಪಾಕ್ಸಿ ಪಕ್ಕದಲ್ಲಿ ಅಲುಗುತ್ತಲೇ ಇರುತ್ತೆ. ಪೊರೆ ಅಲ್ಲಿ ಕೂದಲೆಳೆಯಷ್ಟು ಬಿರಿದರೆ ಅಷ್ಟನ್ನೇ ತೇಪೆ ಹಾಕೋಕೆ ಬರಲ್ಲ. ಬಾಯ್ಲ್ಡ್ ಅಗಸೆ ಎಣ್ಣೆ (ಬೇಗ ಒಣಗೋ ಹಾಗೆ ಮಾಡಿ ಮಾರೋದು) ಮೂರು ಕೈ, ಮೇಲೆ ಜೇನುಮೇಣ ಆದ್ರೆ ಬೇಕಾದ ಜಾಗಕ್ಕಷ್ಟೇ ಮತ್ತೆ ಹಚ್ಚಬಹುದು. ಅರಗು ಬಿಡಿ, ಎಣ್ಣೆ ಒಳಗಿಳೀಬೇಕು. ನೀರಿನ ಕಲೆಗೆ ಇದು ಪಿಯುನಷ್ಟು ತಡೆಯಲ್ಲ, ಒಪ್ಪುತ್ತೀನಿ.

ಬೇವಿನಕಟ್ಟೆ:
ಮೇಜಿನ ಮೇಲೆ ಚಹಾ, ನೀರಿನ ಬಾಟಲಿ ದಿನಾ ಇರ್ತವೆ. ಕಾಲಿಗೆ ಕಬ್ಬಿಣದ ಫ್ರೇಮ್.

ಅರಗುಬಣ್ಣ:
ಹಾಗಾದ್ರೆ ಪಿಯುನೇ ಇರಲಿ, ಮ್ಯಾಟ್ ತಗೊಳ್ಳಿ, ಬಿರಿದರೂ ಕಣ್ಣಿಗೆ ಹೊಡೆಯಲ್ಲ. ಬಿರಿಯೋದು ಕಡಿಮೆ ಆಗಬೇಕಂದ್ರೆ ಫ್ರೇಮ್ ನೋಡಿ. ಎರಡಡಿ ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ 4-6 ಮಿ.ಮೀ. ಹಿಗ್ಗಿ ಕುಗ್ಗುತ್ತೆ. ನಡುಸಾಲಿನ ಸ್ಕ್ರೂ ಬಿಗಿ, ಎರಡೂ ಅಂಚಿನವಕ್ಕೆ ಅಗಲದ ದಿಕ್ಕಿಗೆ 12 ಮಿ.ಮೀ. ಉದ್ದುದ್ದ ತೂತು, ವಾಷರ್ ಹಾಕಿ ಅರೆಬಿಗಿ. ಎಲ್ಲಾ ಬಿಗಿದರೆ ಯಾವ ಫಿನಿಶ್ ಇದ್ದರೂ ಸೀಳು ಮತ್ತೆ ಬಿಡುತ್ತೆ. ಕೊನೆ ಕೈ ಆದಮೇಲೆ ಒಂದು ವಾರ ಏನೂ ಇಡಬೇಡಿ, ಬಿಸಿ ಲೋಟಕ್ಕೆ ಮೂರು ವಾರ ಕಾಯಿರಿ.

ಉಳಿಮೊನೆ:
ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆಸೀಬೇಡಿ. ಅಗಸೆ ಎಣ್ಣೆಯಾಗಲಿ ಈ ಪಿಯು ಆಗಲಿ, ಒಣಗುವಾಗ ಕಾವು ಏರಿ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನೀರಿನ ಬಕೆಟ್‌ಗೆ ಹಾಕಿ, ಇಲ್ಲ ಹೊರಗೆ ತಂತಿ ಮೇಲೆ ಒಂದೊಂದಾಗಿ ಹರವಿ.