ಪವರ್ ಬಿಐನಲ್ಲಿ ಮಳೆ ಒಂದು ದಿನ ಮುಂಚೆಯೇ ಬೀಳುತ್ತಿದೆ! ಟೀಮ್ಸ್ ಲಿಸ್ಟ್ ಜೋಡಿಸಿದವರು ಯಾರಾದರೂ ಇದ್ದೀರಾ?

ಆಲ್ದೂರು ಅಕೌಂಟ್ಸ್:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ತೋಟಗಳು ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆ ಇವೆ. ಮೊದಲೆಲ್ಲ ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು) ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಮಳೆ ಎಷ್ಟು, ಆಳು ಎಷ್ಟು, ಹಣ್ಣು ಎಷ್ಟು ಕೆಜಿ ಅಂತ ಹಾಕುತ್ತಿದ್ದರು. ಒಬ್ಬರದ್ದು ವಾಯ್ಸ್ ಮೆಸೇಜ್. ಇನ್ನೊಬ್ಬರದ್ದು ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಫೋಟೋ, ಅದೂ ಅಡ್ಡಡ್ಡ. ನಾನು ಕತ್ತು ವಾರೆ ಮಾಡಿಕೊಂಡು ಎಕ್ಸೆಲ್‌ಗೆ ಇಳಿಸಬೇಕಿತ್ತು.

ಈಗ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಒಂದು ಲಿಸ್ಟ್ ಮಾಡಿದ್ದೇವೆ. ರೈಟರ್‌ಗಳು ಮೊಬೈಲ್‌ನಿಂದಲೇ ತುಂಬುತ್ತಾರೆ. ಅದನ್ನು ಪವರ್ ಬಿಐ ಡೆಸ್ಕ್‌ಟಾಪ್‌ಗೆ (ಅಂಕಿಗಳಿಂದ ಚಾರ್ಟ್ ಮಾಡುವ ಮೈಕ್ರೋಸಾಫ್ಟ್ ಪ್ರೋಗ್ರಾಂ) ಎಳೆದುಕೊಂಡು ಚಾರ್ಟ್ ಮಾಡಿ ಕೊಡು ಅಂತ ಸಾಹುಕಾರ್ರು ಹೇಳಿದರು. ಟೀಮ್ಸ್ ಲಿಸ್ಟ್ ಒಳಗೆ ಕೂರುವುದು ಶೇರ್‌ಪಾಯಿಂಟ್‌ನಲ್ಲಿ, ಹಾಗಾಗಿ ಗೆಟ್ ಡೇಟಾ, ಶೇರ್‌ಪಾಯಿಂಟ್ ಆನ್‌ಲೈನ್ ಲಿಸ್ಟ್, 1.0 (ಜೋಡಣೆಯ ಆವೃತ್ತಿ) ಅಂತ ಒತ್ತಿಕೊಂಡು ಹೋದೆ. ಡೇಟಾ ಬಂತು. ಆದರೆ ಲಿಸ್ಟಿನಲ್ಲಿ ಜುಲೈ 12ಕ್ಕೆ ಇರುವ ಮಳೆ ಇಲ್ಲಿ 11ಕ್ಕೆ ಕೂತಿದೆ. ಒಂದೆರಡು ಸಾಲಲ್ಲ, ಪೂರ್ತಿ ಹಾಗೇ ಇದೆ.

ಸಾಹುಕಾರ್ರು ಹವಾಮಾನ ಇಲಾಖೆಯ ಅಂಕಿ ಪಕ್ಕಕ್ಕಿಟ್ಟು ನೋಡಿ, "ಇವರೆಲ್ಲ ಮನೇಲಿ ಕೂತು ಅಂದಾಜಿನ ಮೇಲೆ ಬರೀತಾರೆ" ಅಂದುಬಿಟ್ಟರು. ಬಾಳೆಹೊನ್ನೂರು ತೋಟದ ರೈಟರ್ ವಯಸ್ಸಾದವರು. ಜಡಿಮಳೆಯಲ್ಲೂ ಕೊಡೆ ಹಿಡಿದು ಹೋಗಿ ಮಳೆ ಅಳೆಯುವವರು. ತುಂಬಾ ಬೇಜಾರು ಮಾಡಿಕೊಂಡು ತಮ್ಮ ಮಳೆ ಪುಸ್ತಕದ ಹಾಳೆ ಫೋಟೋ ತೆಗೆದು ಕಳಿಸಿದ್ದಾರೆ. ಅದರಲ್ಲಿ ತಾರೀಖು ಸರಿಯಾಗಿಯೇ ಇದೆ. ಹಾಗಾಗಿ ತಪ್ಪು ಈ ಕಡೆಯದ್ದೇ.

ಇನ್ನೂ ಎರಡು ತಲೆನೋವು ಇವೆ. ರೈಟರ್ ಹೆಸರಿನ ಜಾಗದಲ್ಲಿ 14, 17 ಅಂತ ಬರೀ ನಂಬರ್ ಬರುತ್ತಿದೆ. "ಮಳೆ", "ಆಳು" ಅಂತ ಕನ್ನಡದಲ್ಲಿ ಇಟ್ಟ ಕಾಲಮ್‌ಗಳ ಹೆಸರು ಎಕ್ಸು, ಸೊನ್ನೆ, ಅಡಿಗೆರೆ ಸೇರಿ ಒಂದು ಮಾರುದ್ದ ಆಗಿದೆ. ಯಾವುದು ಏನು ಅಂತ ಒಳಗಿನ ಅಂಕಿ ನೋಡಿ ಊಹಿಸಬೇಕು.

ಹಾಸನ ಎಂಐಎಸ್:

ಮೇಡಂ, ತಾರೀಖಿನ ಕಾಲಮ್ಮನ್ನು "ಡೇಟ್" ಟೈಪ್ ಮಾಡಿರ್ತೀರ ಅಲ್ವಾ? ಕ್ವೆರಿ ಎಡಿಟರ್‌ನಲ್ಲಿ ಆ ಸ್ಟೆಪ್ ಒಂದನ್ನು ತೆಗೆದು ನೋಡಿ. ತಾರೀಖಿನ ಪಕ್ಕ ಗಂಟೆ ಎಷ್ಟು ಅಂತ ಬರುತ್ತದೆ?

ಆಲ್ದೂರು ಅಕೌಂಟ್ಸ್:

ಎಲ್ಲಾ ಸಾಲಿನಲ್ಲೂ ಸಂಜೆ 6:30! ನಮ್ಮ ರೈಟರ್‌ಗಳು ಸಂಜೆ ಆರೂವರೆಗೆ ಏನು ಬೇಕಾದರೂ ಮಾಡುತ್ತಿರಬಹುದು, ಲಿಸ್ಟ್ ಅಂತೂ ತುಂಬುತ್ತಿರುವುದಿಲ್ಲ.

ಹಾಸನ ಎಂಐಎಸ್:

ಹಾಗಿದ್ದರೆ ಅವರ ಮೇಲೆ ಹೊರಿಸುವಂಥದ್ದು ಏನೂ ಇಲ್ಲ. ಶೇರ್‌ಪಾಯಿಂಟ್ ಒಳಗೆ ಸಮಯ ಇಡುವುದು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಗಡಿಯಾರದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಬರೀ ತಾರೀಖು ಹಾಕಿದರೆ ಅದು ಆ ದಿನ ಶುರುವಾಗುವ ರಾತ್ರಿ 12 ಗಂಟೆ ಅಂತ ಲೆಕ್ಕ. ನಮ್ಮ 12ನೇ ತಾರೀಖು ಶುರುವಾಗುವ ರಾತ್ರಿ 12 ಅಂದರೆ ಯುಟಿಸಿಯಲ್ಲಿ 11ರ ಸಂಜೆ 6:30. ಬ್ರೌಸರ್‌ನಲ್ಲಿ ನೋಡುವಾಗ ಅದನ್ನು ನಮ್ಮ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ. ಪವರ್ ಬಿಐ ಆ ಕೆಲಸ ಮಾಡುವುದಿಲ್ಲ, ಬಂದದ್ದನ್ನು ಬಂದ ಹಾಗೇ ಕೊಡುತ್ತದೆ. ನೀವು ಟೈಪ್ ಬದಲಾಯಿಸಿದಾಗ ಗಂಟೆ ಮಾಯವಾಗಿ ಬರೀ 11 ಉಳಿಯಿತು.

ಕಸ್ಟಮ್ ಕಾಲಮ್ ಹಾಕಿ ತಾರೀಖಿಗೆ 5 ಗಂಟೆ 30 ನಿಮಿಷದ ಡ್ಯೂರೇಷನ್ ಕೂಡಿಸಿ. ಆಮೇಲೆ ಡೇಟ್ ಟೈಪ್ ಮಾಡಿ. ಈ ಕ್ರಮ ತಿರುಗಾಮುರುಗಾ ಆಗಬಾರದು. ಮೊದಲೇ ಡೇಟ್ ಮಾಡಿದರೆ ಗಂಟೆ ಹೋಗಿಬಿಡುತ್ತದೆ, ಮತ್ತೆ ಏನು ಕೂಡಿಸಿದರೂ 11 11ಆಗೇ ಇರುತ್ತದೆ.

ಒಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ "ಟು ಲೋಕಲ್" ಫಂಕ್ಷನ್ ಹಾಕಿ ಅಂತ ಸಲಹೆ ಸಿಗುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಚೆನ್ನಾಗೇ ಓಡುತ್ತದೆ. ಪಬ್ಲಿಷ್ ಮಾಡಿದ ಮೇಲೆ ರಿಫ್ರೆಶ್ ಆಗುವುದು ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ. ಅಲ್ಲಿ ಲೋಕಲ್ ಅಂದರೆ ಯುಟಿಸಿ. ಮತ್ತೆ ಒಂದು ದಿನ ಹಿಂದೆ! ನಮ್ಮ ದೇಶದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲದ್ದರಿಂದ ಖಾಯಂ ಐದೂವರೆ ಕೂಡಿಸಿದರೆ ಯಾವತ್ತೂ ಕೈಕೊಡುವುದಿಲ್ಲ. "ಕ್ರಿಯೇಟೆಡ್" (ಸಾಲು ತುಂಬಿದ ಸಮಯ) ಕಾಲಮ್‌ಗೂ ಇದನ್ನೇ ಮಾಡಿ.

ಹೆಸರಿನ ಸಂಗತಿ ಸುಲಭ. 14, 17 ಅನ್ನುವುದು ಆ ಸೈಟಿನಲ್ಲಿ ಬಳಕೆದಾರರ ಐಡಿ. ಐಡಿ ಅಂತ ಕೊನೆಯಾಗದ, ಅದೇ ಹೆಸರಿನ ಇನ್ನೊಂದು ಕಾಲಮ್ ಇರುತ್ತದೆ. ಅದರ ತಲೆಯಲ್ಲಿರುವ ಎರಡು ಬಾಣದ ಗುರುತು ಒತ್ತಿ "ಟೈಟಲ್" ಆರಿಸಿ.

ಕನ್ನಡ ಕಾಲಮ್ ಗೋಜಲು ನನಗೂ ಆಗಿತ್ತು. ಕಾಲಮ್ ಹುಟ್ಟುವಾಗ ಇಟ್ಟ ಹೆಸರಿನಿಂದ ಶೇರ್‌ಪಾಯಿಂಟ್ ಒಳಗೊಂದು ಹೆಸರು ಮಾಡಿಕೊಳ್ಳುತ್ತದೆ. ಇಂಗ್ಲಿಷ್ ಅಲ್ಲದ ಪ್ರತಿ ಅಕ್ಷರಕ್ಕೂ ಯುನಿಕೋಡ್ ನಂಬರ್ ತುರುಕುತ್ತದೆ. 1.0 ತೋರಿಸುವುದು ಆ ಒಳಗಿನ ಹೆಸರನ್ನೇ. ಈಗಿರುವುದನ್ನು ಪವರ್ ಬಿಐನಲ್ಲಿ ರೀನೇಮ್ ಮಾಡಿಕೊಳ್ಳಿ. ಮುಂದೆ ಹೊಸ ಕಾಲಮ್ ಮಾಡುವಾಗ ಮೊದಲು ಇಂಗ್ಲಿಷ್‌ನಲ್ಲಿ ಚಿಕ್ಕ ಹೆಸರಿಟ್ಟು ಸೇವ್ ಮಾಡಿ, ಆಮೇಲೆ ಕನ್ನಡಕ್ಕೆ ಬದಲಾಯಿಸಿ. ರೈಟರ್‌ಗಳಿಗೆ ಕನ್ನಡ ಕಾಣುತ್ತದೆ, ಒಳಗಿನದ್ದು ಚಿಕ್ಕದಾಗೇ ಉಳಿಯುತ್ತದೆ.

ಸಕಲೇಶಪುರ ರೊಬಸ್ಟಾ:

ಕಂಪ್ಯೂಟರ್ ವಿಷಯ ನನಗೆ ಅಷ್ಟಕ್ಕಷ್ಟೆ. ಆದರೆ ಮೇಡಂ, ಮಳೆಯನ್ನು ಹೇಗೆ ಬರೆಸುತ್ತಿದ್ದೀರಿ? ನಮ್ಮ ಕಡೆ ತೋಟದವರು ಇಂಚು, ಸೆಂಟು ಅಂತಲೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಐದು ಸೆಂಟು ಬಂದರೆ ನಮ್ಮ ರೈಟರ್ ಸಲೀಸಾಗಿ 1.5 ಅಂತ ಬರೆಯುತ್ತಾರೆ. ಕಂಪ್ಯೂಟರ್‌ಗೆ ಅದು ಒಂದೂವರೆ ಇಂಚು. 45 ಸೆಂಟು ಪುಕ್ಕಟೆ ಮಳೆ! ಮಳೆಗಾಲದಲ್ಲಿ ಇದು ಗೊತ್ತಾಗದೆ ಹೋಗಬಹುದು, ಹೇಗೂ ಸುರಿಯುತ್ತಿರುತ್ತದೆ. ಹೂ ಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮಾತ್ರ ಹಾಗಲ್ಲ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವುದು ಆ ಸೆಂಟಿನ ಮೇಲೇ ನಿಂತಿರುತ್ತದೆ.

ಇನ್ನೊಂದು, ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೆ ಬರೆಯುತ್ತಾರೆ. ನಿಮ್ಮ ರೈಟರ್‌ಗಳೂ ಅದೇ ಲೆಕ್ಕದಲ್ಲಿ ಬರೆಯುತ್ತಾರಾ ಕೇಳಿ. ಕೆಲವರು "ನಿನ್ನೆ ಬಿದ್ದ ಮಳೆ ಅಲ್ವಾ" ಅಂತ ನಿನ್ನೆಗೇ ಹಾಕಿಬಿಡುತ್ತಾರೆ. ಆಗ ಐದೂವರೆ ಗಂಟೆ ಕೂಡಿಸಿದರೂ ಪಕ್ಕಕ್ಕಿಟ್ಟು ನೋಡಲು ಬರುವುದಿಲ್ಲ.

ಆಲ್ದೂರು ಅಕೌಂಟ್ಸ್:

ಹಾಸನದ ಸರ್, ತಾರೀಖು ಸರಿಹೋಯಿತು. ಹೆಸರೂ ಬಂತು. ಸಾಹುಕಾರ್ರಿಗೆ ತೋರಿಸಿದೆ. "ಹೌದಾ" ಅಂದರು, ಅಷ್ಟೆ. ಬಾಳೆಹೊನ್ನೂರಿಗೆ ಫೋನ್ ಮಾಡಿ ಒಂದು ಮಾತು ಹೇಳಿ ಅಂದಿದ್ದೇನೆ, ನೋಡಬೇಕು.

ಸಕಲೇಶಪುರದವರೇ, ನೀವು ಹೇಳಿದ್ದು ಕೇಳಿ ಎದೆ ಧಸಕ್ ಅಂತು. ಮಳೆ ಪುಸ್ತಕಗಳನ್ನು ತರಿಸಿ ತಾಳೆ ನೋಡಿದೆ. ಮೂಡಿಗೆರೆ ಕಡೆಯದ್ದು ನೀವು ಹೇಳಿದ ಹಾಗೇ ಇದೆ. ಪುಸ್ತಕದಲ್ಲಿ "2-8" ಅಂತ ಗೀಟು ಹಾಕಿ ಬರೆದದ್ದು ಲಿಸ್ಟಿನಲ್ಲಿ 2.8 ಆಗಿದೆ. 1.50 ಅಂತ ಸರಿಯಾಗಿ ಒತ್ತಿದವರದ್ದೂ ಸೊನ್ನೆ ಉದುರಿ 1.5 ಅಂತಲೇ ಕಾಣುತ್ತದೆ. ಹಾಗಾಗಿ ಲಿಸ್ಟ್ ನೋಡಿ ಯಾವುದು ಯಾವುದು ಅಂತ ಹೇಳಲು ಸಾಧ್ಯವೇ ಇಲ್ಲ. ಇಂಚಿಗೊಂದು, ಸೆಂಟಿಗೊಂದು ಕಾಲಮ್ ಮಾಡಿದೆ, ಎರಡರಲ್ಲೂ ಚುಕ್ಕಿ ಹಾಕಲು ಬಿಡುವುದಿಲ್ಲ. ಸೆಂಟು 99 ದಾಟಿದರೆ ಲಿಸ್ಟೇ ಬೇಡ ಅನ್ನುತ್ತದೆ. ಮಿಲಿಮೀಟರ್ ಲೆಕ್ಕ ಪವರ್ ಬಿಐನಲ್ಲಿ, ಇಂಚಿಗೆ 25.4ರಂತೆ. ಹಳೆಯದ್ದನ್ನು ಪುಸ್ತಕ ನೋಡಿಕೊಂಡು ಕೈಯಲ್ಲೇ ತಿದ್ದುತ್ತಿದ್ದೇನೆ. ಬೆಳಗಿನ ಮಳೆ ಅಳೆದ ದಿನಕ್ಕೇ ಅಂತ ಎಲ್ಲರಿಗೂ ಹೇಳಿಯಾಯಿತು.

ಕೊನೆಯದೊಂದು. ಇದನ್ನು ಸಾಹುಕಾರ್ರ ಮೊಬೈಲ್‌ಗೆ ಕೊಡಬೇಕಾದರೆ ದುಡ್ಡು ಕಟ್ಟಬೇಕಾ? ಆಫೀಸಿನ ಕಂಪ್ಯೂಟರ್ ಸದಾ ಆನ್ ಇಟ್ಟಿರಬೇಕಾ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ.

ಹಾಸನ ಎಂಐಎಸ್:

ಡೆಸ್ಕ್‌ಟಾಪ್ ಉಚಿತ. ಬೇರೆಯವರಿಗೆ ಹಂಚಲು ನಿಮಗೂ ಅವರಿಗೂ ಪ್ರೊ ಲೈಸೆನ್ಸ್ ಬೇಕು. ಡೇಟಾ ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲೇ ಇರುವುದರಿಂದ ಗೇಟ್‌ವೇ (ಆಫೀಸಿನ ಕಂಪ್ಯೂಟರ್‌ನಲ್ಲಿರುವ ಡೇಟಾವನ್ನು ಪವರ್ ಬಿಐ ಸರ್ವರ್‌ಗೆ ಮುಟ್ಟಿಸುವ ಪ್ರೋಗ್ರಾಂ) ಬೇಡ, ಕಂಪ್ಯೂಟರ್ ಆಫ್ ಇದ್ದರೂ ರಿಫ್ರೆಶ್ ಆಗುತ್ತದೆ. ಪ್ರೊನಲ್ಲಿ ದಿನಕ್ಕೆ 8 ಸಲ ಇಡಬಹುದು. ನಿಮಗೆ ಬೆಳಿಗ್ಗೆ ಹತ್ತಕ್ಕೊಂದು, ಸಂಜೆಗೊಂದು ಸಾಕು. ಆಳಿನ ಲೆಕ್ಕ, ಮಳೆ ಪುಸ್ತಕ ಅಂತ ಆಫೀಸಿನ ಕಂಪ್ಯೂಟರ್‌ನಲ್ಲಿರುವ ಎಕ್ಸೆಲ್ ಫೈಲನ್ನೂ ಇದಕ್ಕೆ ಸೇರಿಸಿದರೆ ಮಾತ್ರ ಗೇಟ್‌ವೇ ಬೇಕಾಗುತ್ತದೆ, ಕರೆಂಟೂ ಬೇಕಾಗುತ್ತದೆ. ಅಂಥ ಫೈಲ್ ಇದ್ದರೆ ಈಗಲೇ ಟೀಮ್ಸ್‌ನ ಫೈಲ್ಸ್‌ಗೆ ಹಾಕಿ, ಅಲ್ಲಿಂದಲೇ ಜೋಡಿಸಿ.