ಕೆಲಸ ಬಿಡುವ ಮುಂಚೆ ಏನೇನು ಮುಗಿಸಿಕೊಳ್ಳಬೇಕು?

ಪ್ರಶ್ನೆ: ರಾಜೀನಾಮೆ ಕೊಟ್ಟಿದ್ದೇನೆ, ನೋಟಿಸ್ ಪೀರಿಯಡ್ ನಡೀತಾ ಇದೆ. ಬೆಂಗಳೂರಿನಲ್ಲೇ ಇನ್ನೊಂದು ಕಂಪನಿ ಸೇರುತ್ತೇನೆ. ಇಲ್ಲಿ ಐದು ವರ್ಷ ತುಂಬುವುದಕ್ಕೆ ಎರಡು ತಿಂಗಳು ಕಮ್ಮಿ. ಪಿಎಫ್ ದುಡ್ಡು ತೆಗೆದುಬಿಡೋಣ ಅಂತಿದೆ. ಕೆಲಸ ಬದಲಾಯಿಸಿದವರು ಸ್ವಲ್ಪ ಹೇಳಿ.

ಎಚ್‌ಆರ್ ಕೆಲಸದವರು: ಆ ಎರಡು ತಿಂಗಳೇ ನನ್ನ ಕಣ್ಣಿಗೆ ಬಿದ್ದದ್ದು! ಗ್ರಾಚ್ಯುಟಿಗೆ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಬಿಡುವಾಗ ಕಂಪನಿ ಕೊಡುವ ಮೊತ್ತಕ್ಕೆ, ಐದು ವರ್ಷ ಬೇಕು. ಲೆಕ್ಕಕ್ಕೆ ಹಿಡಿಯುವ ವೇತನ 52,000 ಅಂದುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 30,000, ಐದು ವರ್ಷಕ್ಕೆ ಒಂದೂವರೆ ಲಕ್ಷ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ತೀರ್ಪಿದೆ. ಆದರೆ ಎಲ್ಲ ಕಂಪನಿಯವರೂ ಅದನ್ನು ಒಪ್ಪುವುದಿಲ್ಲ. ನಿಮ್ಮ ಕಂಪನಿಯ ರೂಢಿ ಏನು ಅಂತ ಮೇಲ್‌ನಲ್ಲೇ ಕೇಳಿ. ನೋಟಿಸ್ ದಿನಗಳೂ ಸೇವೆಯೇ. ಹೊಸ ಕಂಪನಿ ಒಪ್ಪಿದರೆ ಸೇರುವ ದಿನ ಸ್ವಲ್ಪ ಮುಂದಕ್ಕೆ ಹಾಕಿಸಿಕೊಳ್ಳಿ.

ಮೈಸೂರಿನವರು: ಪಿಎಫ್ ತೆಗೆಯುವ ಯೋಚನೆ ಬಿಡಿ. ಪೂರ್ತಿ ತೆಗೆಯುವ ಅವಕಾಶ ಕೆಲಸ ಇಲ್ಲದೆ ಇರುವವರಿಗೆ, ತಕ್ಷಣ ಇನ್ನೊಂದು ಕಡೆ ಸೇರುವವರಿಗಲ್ಲ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೇರೆ. ವರ್ಗಾಯಿಸಿದರೆ ಹಳೆಯ ಸೇವೆ ಮುಂದುವರಿಯುತ್ತದೆ. ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಮಾತ್ರ ಅದೇ ಇರಲಿ, ಹೊಸದು ಮಾಡಿಸಬೇಡಿ.

ನಮ್ಮವರಿಗೆ ತಲೆನೋವು ಹೆಸರಿನದು. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಸ್’, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ‘ಮಂಜುನಾಥ ಶಿವಣ್ಣ’, ಆಧಾರ್‌ನಲ್ಲಿ ಇನ್ನೊಂದು ಥರ. ಯುಎಎನ್ ಹೆಸರು ಆಧಾರ್ ಜೊತೆ ತಾಳೆ ಆಗದಿದ್ದರೆ ಎಲ್ಲ ಅಲ್ಲೇ ನಿಲ್ಲುತ್ತದೆ. ನನ್ನದಕ್ಕೆ ಹಳೆಯ ಕಂಪನಿಯ ಒಪ್ಪಿಗೆ ಬೇಕಿತ್ತು. ಕೆಲಸದಲ್ಲಿದ್ದಾಗಲೇ ಹೋಗಿ ಎದುರಿಗೆ ಕೂತು ಮಾಡಿಸಿದೆ. ಬಿಟ್ಟ ಮೇಲೆ ಯಾರು ಫೋನ್ ಎತ್ತುತ್ತಾರೆ ಹೇಳಿ? ಬಿಟ್ಟ ದಿನಾಂಕವನ್ನು ಕಂಪನಿಯವರು ಪಿಎಫ್ ಪೋರ್ಟಲ್‌ನಲ್ಲಿ ಹಾಕದಿದ್ದರೆ, ಎರಡು ತಿಂಗಳಾದ ಮೇಲೆ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು.

ಇನ್ನೊಬ್ಬರು: ಪೇಸ್ಲಿಪ್‌ಗಳನ್ನು ಇವತ್ತೇ ಇಳಿಸಿಕೊಳ್ಳಿ. ಆಫೀಸ್ ಮೇಲ್ ಬಂದ್ ಆದರೆ ಮುಗೀತು.

ಅಕೌಂಟ್ಸ್‌ನವರು: ಏಪ್ರಿಲ್‌ನಿಂದ ಇಲ್ಲಿಯವರೆಗಿನ ಸಂಬಳ, ಕಡಿತವಾದ ತೆರಿಗೆ, ಎರಡನ್ನೂ ಹೊಸ ಕಂಪನಿಗೆ ತಿಳಿಸಿ. ತಿಳಿಸದಿದ್ದರೆ ಹೊಸ ತೆರಿಗೆ ಪದ್ಧತಿಯ (ಹೊಸ ರೆಜಿಮ್) 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡೂ ಕಂಪನಿಯವರು ಕಳೆಯುತ್ತಾರೆ, ಕಮ್ಮಿ ಸ್ಲ್ಯಾಬ್‌ಗಳೂ ಎರಡು ಸಲ ಸಿಗುತ್ತವೆ. ಕೈಗೆ ಜಾಸ್ತಿ ಬಂತು ಅಂತ ಖುಷಿ. ರಿಟರ್ನ್ ಹಾಕುವಾಗ ಬಡ್ಡಿ ಸಮೇತ ಕಟ್ಟಬೇಕು.

ಹುಬ್ಬಳ್ಳಿಯವರು: ನಂದು ಇನ್ಶೂರೆನ್ಸ್ ವಿಷಯ. ಕಂಪನಿಯ ಪಾಲಿಸಿ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ನಮ್ಮ ಅವ್ವನಿಗೆ ಶುಗರ್ ಇದೆ. ಆಫರ್ ಬಂದ ಕೂಡಲೇ ಹೊಸ ಕಂಪನಿಯವರನ್ನು ಕೇಳಿದೆ, ತಂದೆತಾಯಿಗೆ ಕವರ್ ಇಲ್ಲ ಅಂದರು. ಹೊಸದಾಗಿ ಪಾಲಿಸಿ ತಗೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದಕ್ಕೇ ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡೆ. ಹಿಂದಿನ ವರ್ಷಗಳು ಲೆಕ್ಕಕ್ಕೆ ಬಂದವು. ಪ್ರೀಮಿಯಂ ಜಾಸ್ತಿಯೇ, ಸುಳ್ಳು ಹೇಳೋದಿಲ್ಲ. ಕೆಲಸ ಬಿಡುವ ಮುಂಚೆಯೇ ಅರ್ಜಿ ಹಾಕಬೇಕು.

ಕೇಳಿದವರು: ಎಲ್ಲರಿಗೂ ಧನ್ಯವಾದ. ನನ್ನ ಸ್ನೇಹಿತ ಪಿಎಫ್ ವರ್ಗಾಯಿಸಿದಾಗ ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಂ ಸೊನ್ನೆ ತೋರಿಸಿತಂತೆ. ದುಡ್ಡು ಹೋಯಿತಾ?

ಮೈಸೂರಿನವರು: ಹೋಗಿಲ್ಲ ಸರ್. ಪೆನ್ಷನ್ ದುಡ್ಡು ಖಾತೆಯಿಂದ ಖಾತೆಗೆ ಓಡಾಡುವುದಿಲ್ಲ, ಸೇವೆಯ ಅವಧಿ ಮಾತ್ರ ಸೇರುತ್ತದೆ. ಒಟ್ಟು ಹತ್ತು ವರ್ಷ ಆದರೆ ಪೆನ್ಷನ್‌ಗೆ ಅರ್ಹರು. ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ ಹಳೆಯ ಕಂಪನಿಯ ಸೇರಿದ ದಿನ, ಬಿಟ್ಟ ದಿನ ಸರಿಯಾಗಿದೆಯಾ ಅಂತ ಅವರಿಗೆ ನೋಡಲು ಹೇಳಿ.