ಸಹಾಯ ಬೇಕು: ಬೋನ್ಸಾಯ್ ಚಿಗುರು ಹಳದಿ, ಬೋರ್ ನೀರಿನ ಸಮಸ್ಯೆಯೇ? (ರಾಯಚೂರು)

ಎಲ್ಲರಿಗೂ ನಮಸ್ಕಾರ. ಗಿಡ ಫೈಕಸ್ ಮೈಕ್ರೋಕಾರ್ಪಾ, ಎತ್ತರ 35 ಸೆಂ.ಮೀ., ಕುಂಡದ ಆಳ 6 ಸೆಂ.ಮೀ. ಪೂರ್ವದ ಕಿಟಕಿಯಿಂದ ಒಂದಡಿ ಒಳಗಿದೆ, ಬೆಳಿಗ್ಗೆ ಮೂರು ತಾಸು ಬಿಸಿಲು ಬೀಳುತ್ತದೆ.

ಹೊಸ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಹಳೆ ಎಲೆಗಳು ಚೆನ್ನಾಗಿವೆ, ಹಾಗಾಗಿ ಸಾರಜನಕದ ಕೊರತೆ ಅಲ್ಲ, ಕಬ್ಬಿಣದ್ದೇ ಇರಬೇಕು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ, ಅದರ ಮೇಲೆ ವಿನೆಗರ್ ಹನಿ ಬಿಟ್ಟರೆ ಬುರುಬುರು ನೊರೆ. ಅಂದರೆ ಸುಣ್ಣ. ಹಾಕುತ್ತಿರುವುದು ಬೋರ್ ನೀರು, ಟಿಡಿಎಸ್ (ಕರಗಿದ ಲವಣಾಂಶ) 1100, ಪಿಎಚ್ 8, ಅಂದರೆ ಕ್ಷಾರೀಯ.

ಬಿಳಿ ಹಾಳೆ ಹಿಡಿದು ಎಲೆ ತಟ್ಟಿ ನೋಡಿದೆ, ಜೇಡನುಸಿ ಇಲ್ಲ. ಬೇರಿನ ತುದಿ ಬೆಳ್ಳಗಿದೆ, ಕೊಳೆತ ವಾಸನೆಯೂ ಇಲ್ಲ. ಮಣ್ಣು: 3–5 ಮಿ.ಮೀ. ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಹೊಳೆ ಮರಳು ಒಂದು, ಕಾಂಪೋಸ್ಟ್ ಒಂದು. ದಯವಿಟ್ಟು ಎರೆ ಮಣ್ಣು ಸೇರಿಸಲು ಹೇಳಬೇಡಿ. ಒಣಗಿದರೆ ಅದು ಕುಗ್ಗಿ ಕುಂಡದ ಗೋಡೆ ಬಿಡುತ್ತದೆ, ನೀರೆಲ್ಲ ಆ ಸಂದಿಯಲ್ಲೇ ಇಳಿದು ನಡುವಿನ ಬೇರು ಬಾಯಾರಿಯೇ ಉಳಿಯುತ್ತದೆ.

ಕೇಳಬೇಕಾದ್ದು ಇಷ್ಟು. ಉಪ್ಪು ತೊಳೆಯಲು ಕುಂಡದ ಮೂರು ಪಟ್ಟು ಆರ್‌ಒ ನೀರು ಹರಿಸಿದರೆ ಸಾಕೇ? ಆಮೇಲೆ ದಿನಕ್ಕೆ ಆರ್‌ಒ ಮೂರು ಪಾಲು, ಬೋರ್ ಒಂದು ಪಾಲು ಬೆರೆಸಬಹುದೇ? ಈ ಪಿಎಚ್‌ಗೆ ಇಡಿಟಿಎ ಕಬ್ಬಿಣ ನಿಲ್ಲುವುದಿಲ್ಲ, ಇಡಿಡಿಎಚ್‌ಎ ಬೇಕು (ಎರಡೂ ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ಗೊಬ್ಬರದ ರೂಪಗಳು). ಆದರೆ ಇಷ್ಟು ಚಿಕ್ಕ ಕುಂಡಕ್ಕೆ ಲೀಟರಿಗೆ ಎಷ್ಟು ಗ್ರಾಂ? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬೋರ್ ನೀರಲ್ಲೇ ಫೈಕಸ್ ಬೆಳೆಸುವವರು ನಿಮ್ಮ ಅಳತೆ ತಿಳಿಸಿ. ಮಣ್ಣು ಬದಲಿಸುವುದು ಮಳೆ ಹಿಡಿದ ಮೇಲೆಯೇ. ಈ ಬಿಸಿಲಲ್ಲಿ ಬೇರು ಮುಟ್ಟುವ ಧೈರ್ಯವಿಲ್ಲ.